ಅಂಗಡಿ ಇಟ್ಟುಕೊಂಡೇ ಮೇಯರ್ ಆಗಬಹುದಾ?

ನಿಮ್ಮ ಭಾವನವರು ಪಾಲಿಕೆ ಸದಸ್ಯರು, ಹಾರ್ಡ್‌ವೇರ್ ಅಂಗಡಿಯೂ ಇದೆ, ಈ ಸಲ ಮೇಯರ್ ಆದರೆ ವ್ಯಾಪಾರ ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಕಿಲ್ಲ. ಆದರೆ ಉದ್ರಿ ಪುಸ್ತಕದ ಮೇಲೆ ಒಂದು ಕಣ್ಣಿರಲಿ.

ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳು ನಡೆಯುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ (ಕೆಎಂಸಿ) ಕಾಯ್ದೆಯಂತೆ. ಮೇಯರ್ ಅವಧಿ ಒಂದೇ ವರ್ಷ. ಅವರು ಸಾಮಾನ್ಯ ಸಭೆ ನಡೆಸುತ್ತಾರೆ, ಆಡಳಿತದ ಅಧಿಕಾರ ಮಾತ್ರ ಆಯುಕ್ತರದು. ಜನರಿಗೆ ಇದೆಲ್ಲ ಬೇಕಿಲ್ಲ. ನಲ್ಲಿ ನೀರು ಬರದಿದ್ದರೂ, ಬೀದಿದೀಪ ಕೆಟ್ಟರೂ ನೇರ ಅಂಗಡಿಗೇ ಬರುತ್ತಾರೆ. ಹಾಗಾಗಿ ಗಲ್ಲಾಪೆಟ್ಟಿಗೆಗೆ ಬೇರೆ ನಂಬಿಕಸ್ಥರು ಬೇಕೇ ಬೇಕು.

ನಿಜವಾದ ತೊಡಕು ಅದೇ ಕಾಯ್ದೆಯ 26ನೇ ಸೆಕ್ಷನ್. ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು, ಹಿತಾಸಕ್ತಿ ಇದ್ದರೆ ಸದಸ್ಯತ್ವಕ್ಕೇ ಕುತ್ತು. ‘ನಾನು ಟೆಂಡರೇ ಹಾಕಿಲ್ಲವಲ್ಲ’ ಅಂದರೆ ಸಾಲದು. ಚರಂಡಿ ಕಾಮಗಾರಿ ಹಿಡಿದ ಗುತ್ತಿಗೆದಾರ ಸಿಮೆಂಟು, ಪೈಪು ಭಾವನವರ ಅಂಗಡಿಯಲ್ಲೇ ಉದ್ರಿ ಒಯ್ಯುತ್ತಾನೆ, ‘ಪಾಲಿಕೆ ಬಿಲ್ ಆದ ತಕ್ಷಣ ಕೊಡ್ತೀನಿ’ ಅಂತಾನೆ. ಅಲ್ಲಿಗೆ ಅವನ ಬಿಲ್ ಬೇಗ ಪಾಸಾಗುವುದು ಮೇಯರ್‌ಗೂ ಬೇಕಾದ ಸಂಗತಿ ಆಯಿತು. ಜಿಎಸ್‌ಟಿ ಲೆಕ್ಕದಲ್ಲಿ ಅಂಗಡಿ ಹೆಸರು, ತಾರೀಖು ಎಲ್ಲ ಇರುತ್ತದೆ; ಎದುರಾಳಿಗೆ ಅಷ್ಟು ಸಾಕು. ಪಾಲಿಕೆ ಕೆಲಸ ಮಾಡುವವರಿಗೆ ಆ ವರ್ಷ ಮಾಲು ಕೊಡದಿರುವುದೇ ವಾಸಿ, ಹಳೇ ಬಾಕಿ ಇದ್ದರೆ ಮೇಯರ್ ಚುನಾವಣೆಗೆ ಮುಂಚೆಯೇ ವಸೂಲಿ ಮಾಡಿಸಿ.

ಅಂಗಡಿಯನ್ನು ಹೆಂಡತಿ ಹೆಸರಿಗೆ ಮಾಡಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಬೆಳಗಾವಿ ತೋರಿಸಿ. ಅಲ್ಲಿನ ಖಾವು ಕಟ್ಟಾ ಎಂಬ ಪಾಲಿಕೆಯ ತಿನಿಸು ಮಳಿಗೆಗಳ ಜಾಗದಲ್ಲಿ ಪತ್ನಿಯರ ಹೆಸರಿಗೆ ಮಳಿಗೆ ಪಡೆದಿದ್ದಕ್ಕೇ 2025ರ ಫೆಬ್ರುವರಿಯಲ್ಲಿ ಇಬ್ಬರು ಪಾಲಿಕೆ ಸದಸ್ಯರನ್ನು ಪ್ರಾದೇಶಿಕ ಆಯುಕ್ತರು ಅನರ್ಹಗೊಳಿಸಿದರು. ಆಮೇಲೆ ಪ್ರಕರಣ ಸರ್ಕಾರಕ್ಕೆ, ಹೈಕೋರ್ಟಿಗೆ ಹೋಯಿತು.

ಇನ್ನು ಟ್ರೇಡ್ ಲೈಸೆನ್ಸ್ ಮಾರ್ಚ್ ಮುಗಿಯುವ ಮೊದಲೇ ನವೀಕರಿಸಿಕೊಳ್ಳಲಿ. ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿಯೂ ಸಿಗುತ್ತದೆ, ಬಾಕಿ ಅಂತ ಯಾರೂ ಬೆರಳು ತೋರಿಸುವಂತೆಯೂ ಇಲ್ಲ. ವರ್ಷಕ್ಕೊಮ್ಮೆ ಸಲ್ಲಿಸುವ ಆಸ್ತಿ ವಿವರದಲ್ಲಿ ಮನೆಯವರದ್ದೂ ಬಿಡದೆ ಬರೆಯಬೇಕು. ಅಂಗಡಿ ಬೀದಿಯ ರಸ್ತೆ ಅಗಲೀಕರಣದಂಥ ವಿಷಯ ಸಭೆಗೆ ಬಂದರೆ ಉಪಮೇಯರ್‌ಗೆ ಕುರ್ಚಿ ಬಿಟ್ಟು ಹೊರಗೆ ಹೋಗಲಿ, ಹೋದದ್ದು ನಡವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಅಂತ ಆಮೇಲೆ ಕೌನ್ಸಿಲ್ ಕಾರ್ಯದರ್ಶಿ ಹತ್ತಿರ ಕೇಳಿ ನೋಡಿಕೊಳ್ಳಲಿ.