ಆಪ್ತಸಲಹೆ ಪ್ರಕರಣ: ಮೂರು ಮತಕ್ಕೆ ಗೆದ್ದ ದೋಣಿ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತಿತರ ವಿವರ ಬದಲಿಸಿದೆ.)

ಉಡುಪಿಯಲ್ಲಿ ಡಿಟಿಪಿ ಕೆಲಸ ಮಾಡುವ 29ರ ಯುವತಿ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮೊಬೈಲ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಬಂದವರು. ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ತುಳು ಪದಕೋಶವೊಂದನ್ನು ಹನ್ನೊಂದು ಮಂದಿ ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಕಟ್ಟುತ್ತಿದ್ದಾರೆ. ಅದರ ಲೋಗೋಗೆಂದು ಇವರು ಯಕ್ಷಗಾನದ ಕಿರೀಟ ಬಿಡಿಸಿಕೊಟ್ಟರು. ಇಬ್ಬರು ಇವರನ್ನು ಕೇಳದೆ ಅದನ್ನೇ ತಿದ್ದಿ ಇನ್ನೆರಡು ಕಿರೀಟ ಹಾಕಿದರು. ದೋಣಿ ಒಂದು, ತುಳು ಲಿಪಿಯ ಅಕ್ಷರ ಒಂದು. ಹೀಗೆ ಐದು ನಮೂನೆ ಮತಕ್ಕೆ ಬಂದು ದೋಣಿ ಗೆದ್ದಿತು. "ಇದು ಲೋಗೋವಾ ಮಾರಾಯ್ತಿ, ಮೇಳದ ಹ್ಯಾಂಡ್‌ಬಿಲ್ಲಾ?" ಎಂದು ಹಿರಿಯರೊಬ್ಬರು ಬರೆದರು. ಇವರು ನಡುರಾತ್ರಿ ಉದ್ದದ ಉತ್ತರ ಬರೆದು ಗುಂಪು ಬಿಟ್ಟರು.

"ನನ್ನದು ಯಾರಿಗೂ ಬೇಡ." ಕೆಲಸ ಶುರುವಾದದ್ದು ಈ ಮಾತಿನಿಂದ. ಹಾಳೆಯಲ್ಲಿ ಮೂರು ಕಾಲಂ: ಯೋಚನೆ, ಅದಕ್ಕೆ ಪುರಾವೆ, ಅದರ ವಿರುದ್ಧ ಪುರಾವೆ. ಮೂರನೆಯದನ್ನು ಅವರು ಖಾಲಿ ಬಿಟ್ಟರು. ಅಲ್ಲಿ ಮತಗಳನ್ನು ಬರೆಯಲು ಹೇಳಿದೆವು. ದೋಣಿಗೆ 3, ಅಕ್ಷರಕ್ಕೆ 2, ಮೂರು ಕಿರೀಟಗಳಿಗೆ ತಲಾ 2. ಕಿರೀಟದ್ದು ಕೂಡಿಸಿದರೆ ಆರು, ಅರ್ಧಕ್ಕಿಂತ ಹೆಚ್ಚು. ಒಬ್ಬರಿಗೆ ಒಂದೇ ಮತವೆಂದಾದಾಗ ಒಂದೇ ತೆರನ ನಮೂನೆಗಳು ತಮ್ಮತಮ್ಮಲ್ಲೇ ಮತ ಹಂಚಿಕೊಂಡು ಸೋಲುತ್ತವೆ. ಒಪ್ಪಿಗೆಯಾದ ಎಲ್ಲ ನಮೂನೆಗಳಿಗೂ ಗುರುತು ಹಾಕಲು ಬಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಬರೀ ಸಮಾಧಾನ ಹೇಳಿ ಕಳಿಸಿದ್ದರೆ ಅನ್ಯಾಯವಾಗುತ್ತಿತ್ತು. ಕಿರೀಟವನ್ನು ಬ್ರೌಸರ್ ಟ್ಯಾಬಿನ ಅಳತೆಗೆ, ಅಂದರೆ 16 ಪಿಕ್ಸೆಲ್‌ಗೆ ಇಳಿಸಿ ತರಲು ಹೇಳಿದೆವು. ಕನ್ನಡಿ ಚೂರು, ಮಣಿಸಾಲು ಎಲ್ಲ ಕರಗಿ ಕಂದು ಕಲೆಯೊಂದು ಉಳಿದಿತ್ತು. ಕಪ್ಪು ಬಿಳುಪು ಮಾಡಿದರೆ ಕೆಂಪು, ಹಸಿರು ಎರಡೂ ಒಂದೇ ಬೂದು. 512 ಪಿಕ್ಸೆಲ್‌ನಲ್ಲಿ ಬಿಡಿಸುವಾಗ ಗೆರೆ 32 ಪಿಕ್ಸೆಲ್‌ಗಿಂತ ತೆಳುವಾದರೆ 16ಕ್ಕೆ ಇಳಿದಾಗ ಒಂದು ಪಿಕ್ಸೆಲ್ಲೂ ಉಳಿಯುವುದಿಲ್ಲ. ಹೊರಗೆರೆ ಇಟ್ಟುಕೊಂಡು ಮಣಿಗಳನ್ನು ಬಿಡಬೇಕಿತ್ತು. ಹಿರಿಯರ ಕುಹಕದೊಳಗೆ ನಿಜವಾದ ಆಕ್ಷೇಪವೂ ಇತ್ತು. ಕುಹಕ ಅವರದು, ಅದಕ್ಕೆ ಇವರು ಹೊಣೆಯಲ್ಲ.

"ಕೇಳದೆ ತಿದ್ದಿದರು" ಎಂಬ ದೂರು ಇನ್ನಷ್ಟು ನಾಜೂಕಿನದು. ಚಿತ್ರವನ್ನು ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ ಪರವಾನಗಿಯಲ್ಲಿ ಹಾಕಿದ್ದು ಇವರೇ. ಆ ಪರವಾನಗಿಯಲ್ಲಿ ತಿದ್ದಲು ಅನುಮತಿ ಕೇಳಬೇಕಿಲ್ಲ. ಮೂಲ ಕಲಾವಿದರ ಹೆಸರು ಹಾಕಬೇಕು, ಬದಲಾವಣೆ ಮಾಡಿದ್ದನ್ನು ತಿಳಿಸಬೇಕು, ಹಂಚುವಾಗ ಅದೇ ಷರತ್ತು ಇಡಬೇಕು. ಇವರ ಹೆಸರು ಹಾಕಿರಲಿಲ್ಲ. ಹಾಗಾಗಿ ಕೇಳುವುದಾದರೆ ಹೆಸರನ್ನು ಮಾತ್ರ ಕೇಳಿ, ಕಳ್ಳತನದ ಮಾತು ಬೇಡ ಎಂದೆವು.

ಮತಕ್ಕೆ ಹಾಕಲೇಬಾರದ ಸಂಗತಿಗಳೂ ಇವೆ. ಚರ್ಚೆಯ ಆರಂಭದಲ್ಲಿ ಒಬ್ಬರು ದೈವದ ಮುಗ (ಮುಖವಾಡ) ಸೂಚಿಸಿದ್ದರಂತೆ. ಅದು ಪೂಜೆಗೊಳ್ಳುವ ವಸ್ತು, ಬಹುಮತದಿಂದ ತೀರುವಂಥದ್ದಲ್ಲ. ಅಕ್ಷರದ್ದೂ ಹಾಗೆಯೇ: ತಾಳೆಗರಿಯ ರೂಪಕ್ಕೂ ಈಗ ಕಲಿಸುವ ರೂಪಕ್ಕೂ ವ್ಯತ್ಯಾಸವಿದೆ, ಲಿಪಿ ಓದಬಲ್ಲವರನ್ನೇ ಕೇಳಬೇಕು. ಈ ಲಿಪಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ, ಕಂಪ್ಯೂಟರ್ ಅಕ್ಷರಗಳ ಜಾಗತಿಕ ಪಟ್ಟಿಯಾದ ಯೂನಿಕೋಡ್‌ಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ. ಫಾಂಟ್ ಇಲ್ಲದ ಫೋನಿನಲ್ಲಿ ಬರೀ ಚೌಕ ಕಾಣುತ್ತದೆ. ಲೋಗೋದ ಎಸ್‌ವಿಜಿ (ಗೆರೆಗಳಿಂದಾದ ಚಿತ್ರದ) ಫೈಲಿನಲ್ಲಿ ಅಕ್ಷರವನ್ನು ಪಠ್ಯವಾಗಿ ಬಿಡದೆ ಗೆರೆರೂಪಕ್ಕೆ ಬದಲಿಸಿಯೇ ಉಳಿಸಬೇಕು. ವಿಕಿಪೀಡಿಯದ ಲೋಗೋ ಆದ 2003ರ ಗೋಳದಲ್ಲೂ ಕೆಲವು ಅಕ್ಷರಗಳು ತಪ್ಪಾಗಿದ್ದು 2010ರ ಹೊಸ ರೂಪದಲ್ಲಿ ಸರಿಯಾದವು ಎಂದಾಗ ಅವರು ಮೊದಲ ಸಲ ನಕ್ಕರು.

ಅವರಿಗೆ ಕೊಟ್ಟ ಸಲಹೆ: ರಾತ್ರಿ ಒಂಬತ್ತರ ಮೇಲೆ ಉತ್ತರ ಬೇಡ. ಬರೆಯಲೇಬೇಕೆನಿಸಿದರೆ ಡ್ರಾಫ್ಟಿನಲ್ಲಿಟ್ಟು ಬೆಳಿಗ್ಗೆ ಐದು ಸಾಲಿಗೆ ಇಳಿಸಿ ಕಳಿಸಿ. ಫೋನ್ ಮಲಗುವ ಕೋಣೆಯ ಹೊರಗಿರಲಿ. ಹಿರಿಯರಿಗೆ ಕಳಿಸಿದ ಸಂದೇಶವನ್ನು ಕೂತು ಒಟ್ಟಿಗೆ ಬರೆದೆವು: "ಅಣ್ಣಾ, ಹ್ಯಾಂಡ್‌ಬಿಲ್ ಅಂದದ್ದು ಬೇಜಾರಾಯ್ತು. ಸಣ್ಣದಾದರೆ ಕಾಣುವುದಿಲ್ಲ ಎಂಬುದು ಸರಿ, ತಿದ್ದಿ ಕೊಡ್ತೇನೆ. ಒಪ್ಪಿಗೆಯಾದದ್ದಕ್ಕೆಲ್ಲ ಗುರುತು ಹಾಕುವ ಹಾಗೆ ಇನ್ನೊಮ್ಮೆ ಮತ ಇಡುವನಾ?"

ಮೂರನೆಯ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು. ಮರುಮತಕ್ಕೆ ಗುಂಪು ಇನ್ನೂ ಒಪ್ಪಿಲ್ಲ, ದೋಣಿಯೇ ಉಳಿದರೂ ಉಳಿದೀತು. ಫೋನಿನ ಸದ್ದಿಗೆ ಎದೆ ಹೊಡೆದುಕೊಳ್ಳುವುದು ಮಾತ್ರ ಕಡಿಮೆಯಾಗಿಲ್ಲ. ಅದು ಲೋಗೋ ಜಗಳಕ್ಕಿಂತ ಹಳೆಯದೆಂದು ಕಾಣುತ್ತದೆ, ಮನೋವೈದ್ಯರಿಗೆ ಚೀಟಿ ಕೊಟ್ಟಿದ್ದೇವೆ. ಹೊತ್ತಲ್ಲದ ಹೊತ್ತಿನಲ್ಲಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಲು ತಿಳಿಸಿದೆ.