ಕೆದಕಿದರೆ ಕ್ಯಾನ್ಸರ್ ಹರಡುವುದಿಲ್ಲ

ಪ್ರಶ್ನೆ: ತಂದೆಯವರಿಗೆ 62 ವರ್ಷ. ಅಂಗಾಲಿನ ಕಪ್ಪು ಮಚ್ಚೆ ವರ್ಷದಿಂದ ದೊಡ್ಡದಾಗುತ್ತಿದೆ. ಚರ್ಮವೈದ್ಯರು ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ, ಮಾಡಬೇಕೆಂದಿದ್ದಾರೆ. ಕೆದಕಿದರೆ ಕ್ಯಾನ್ಸರ್ ಹರಡುತ್ತದೆ, ಸುಣ್ಣ ಹಚ್ಚಿ ಸುಟ್ಟರೆ ಸಾಕು ಎನ್ನುತ್ತಾರೆ ಊರಿನ ನಾಟಿ ವೈದ್ಯರು. ಏನು ಮಾಡಲಿ?

ಉತ್ತರ: ನಾಳೆಯೇ ಚರ್ಮವೈದ್ಯರ ಬಳಿಗೆ ಕರೆದೊಯ್ಯಿರಿ. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ ಎಂದು ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮರಳಿ ಬರುತ್ತದೆ, ನನಗೆ ಸಿಟ್ಟೂ ಬರುತ್ತದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ನಮ್ಮ ಮೈಬಣ್ಣದವರಲ್ಲಿ ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನ ಬುಡಗಳನ್ನು ಅದು ಹೆಚ್ಚಾಗಿ ಹಿಡಿಯುತ್ತದೆ. ಒಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. 1 ಮಿ.ಮೀ.ಗಿಂತ ತೆಳುವಾಗಿದ್ದರೆ ಸುತ್ತ ಸುಮಾರು 1 ಸೆಂ.ಮೀ. ಚರ್ಮವನ್ನು ಸೇರಿಸಿ ತೆಗೆಯುತ್ತೇವೆ. ಆಳವಾದಷ್ಟೂ ಕಷ್ಟ ಹೆಚ್ಚು. ಸುಣ್ಣ ಹಚ್ಚಿದರೆ ಮೇಲ್ಪದರ ಸುಟ್ಟು ಹಕ್ಕಳೆ ಉದುರುತ್ತದೆ, ಬೇರು ಒಳಗೇ ಬೆಳೆಯುತ್ತದೆ, ಅಳೆಯಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗೆ ಸುಡಿಸಿಕೊಂಡು ತಡವಾಗಿ ಬಂದವರನ್ನು ನೋಡಿದ್ದೇನೆ. ಆ ನಾಟಿ ವೈದ್ಯರ ಮನೆಯ ಹೊಸ್ತಿಲು ತುಳಿಯಬೇಡಿ.

ಬಯಾಪ್ಸಿಗೆಂದು, ಮಚ್ಚೆ ಚಿಕ್ಕದಿದ್ದರೆ ಸುತ್ತ 1ರಿಂದ 3 ಮಿ.ಮೀ. ಚರ್ಮದೊಂದಿಗೆ ಇಡಿಯಾಗಿ ತೆಗೆಯುವುದು ಉತ್ತಮ. ದೊಡ್ಡದಿದ್ದರೆ ಅತ್ಯಂತ ದಪ್ಪ, ಅತ್ಯಂತ ಕಪ್ಪಾದ ಜಾಗದಿಂದ ಪಂಚ್ ಎಂಬ ದುಂಡನೆಯ ಬ್ಲೇಡಿನಲ್ಲಿ ತುಣುಕು ತೆಗೆಯಬಹುದು. ಇಂಥ ಮಚ್ಚೆಯನ್ನು ಮೇಲಿಂದ ಹೆರೆದು ತೆಗೆಯುವುದನ್ನು ನಾನು ಒಪ್ಪುವುದಿಲ್ಲ, ಆಳ ತಿಳಿಯದೆ ಹೋಗುತ್ತದೆ. ಅಂಗಾಲಿಗೆ ಮರಗಟ್ಟಿಸುವ ಇಂಜೆಕ್ಷನ್ ನಿಜಕ್ಕೂ ನೋಯುತ್ತದೆ, ತಂದೆಯವರಿಗೆ ಮೊದಲೇ ಹೇಳಿ. ಆಮೇಲೆ ನೋವಿರದು. ತುಣುಕು ಕೆಡದಂತೆ ಕಾಯುವ ಫಾರ್ಮಲಿನ್ ದ್ರವದ ಬಾಟಲಿಗೆ ಅದು ಹೋಗಬೇಕು, ನೀರಿಗಲ್ಲ. ಬಾಟಲಿಯ ಮೇಲೆ ಹೆಸರು, ಯಾವ ಕಾಲು, ಯಾವ ಜಾಗ ಎಂದು ಬರೆದ ನಂತರವೇ ನಾನು ಸೂಜಿ ಹಿಡಿಯುತ್ತೇನೆ. ನೀವೂ ಕೇಳಿ ನೋಡಿಕೊಳ್ಳಿ. ಹೊಲಿಗೆ ಬಿಚ್ಚಲು ಸುಮಾರು ಎರಡು ವಾರ ಬೇಕು, ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಬೀಳದಿರಲಿ.

ಪ್ರಶ್ನೆ: ಬಯಾಪ್ಸಿಯ ಬದಲು ರಕ್ತಪರೀಕ್ಷೆ ಸಾಲದೇ?

ಉತ್ತರ: ಸಾಲದು.

ಪ್ರಶ್ನೆ: ಹೊಲಿಗೆಗೆ ಅರಿಶಿನ ಹಚ್ಚಬಹುದೇ?

ಉತ್ತರ: ಬೇಡ. ಪೆಟ್ರೋಲಿಯಂ ಜೆಲ್ಲಿ ಸವರಿ ಶುಭ್ರವಾದ ಪಟ್ಟಿ ಕಟ್ಟಿ.

ಪ್ರಶ್ನೆ: ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತೇನೆ. ಬಯಾಪ್ಸಿಗೆ ಮುನ್ನ ನಿಲ್ಲಿಸಲೇ?

ಉತ್ತರ: ನೀವಾಗಿ ನಿಲ್ಲಿಸಲೇಬೇಡಿ, ವೈದ್ಯರಿಗೆ ತಿಳಿಸಿ. ಸಣ್ಣ ಗಾಯದ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಲ್ಲೆವು, ಹೃದಯಾಘಾತವನ್ನು ಹಾಗೆ ನಿಲ್ಲಿಸಲಾಗದು.