ಬೌಂಡರಿ ವಾಟರ್ಸ್‌ಗೆ 10 ಜನ, ಜೊತೆಗೊಬ್ಬ ಗೈಡ್: ರೂಟ್‌ಗಿಂತ ಮೊದಲು ತಲೆ ಎಣಿಸಿ

ನಿಮ್ಮ ಪ್ರಶ್ನೆ ಹೀಗಿದೆ: ಮಿನಿಯಾಪೊಲಿಸ್‌ನಲ್ಲಿರುವ 10 ಜನ ಕನ್ನಡದ ಗೆಳೆಯರು ಜುಲೈನಲ್ಲಿ ಉತ್ತರ ಮಿನೆಸೋಟದ ಕೆರೆಗಳ ಕಾಡಾದ ಬೌಂಡರಿ ವಾಟರ್ಸ್‌ಗೆ 4 ದಿನದ ಕನೂ (ಕಿರಿದಾದ ಹುಟ್ಟುದೋಣಿ) ಪ್ರವಾಸ ಹೋಗಬೇಕು. ಗೈಡ್ ಇಟ್ಟುಕೊಳ್ಳುತ್ತೀರಿ. ಯಾರಿಗೂ ಅನುಭವ ಇಲ್ಲ, ಇಬ್ಬರಿಗೆ ಈಜು ಬರುವುದಿಲ್ಲ, ಅರ್ಧ ಜನ ಸಸ್ಯಾಹಾರಿಗಳು. ಯಾವ ರೂಟ್ ಒಳ್ಳೆಯದು, ಎಲ್ಲಿಂದ ಶುರು ಮಾಡಬೇಕು?

ನಾನು ಮಿನೆಸೋಟದಲ್ಲೇ ಇದ್ದೇನೆ, ಗೈಡ್ ಜೊತೆಗೂ ಹೋಗಿದ್ದೇನೆ, ಗೈಡ್ ಇಲ್ಲದೆಯೂ ಹೋಗಿದ್ದೇನೆ. ರೂಟ್ ಆಮೇಲೆ ನೋಡೋಣ. 10 ಜನ ಒಟ್ಟಿಗೆ ಹೋಗಲು ಅಲ್ಲಿ ಬಿಡುವುದೇ ಇಲ್ಲ. ಒಂದು ಗುಂಪಿಗೆ ಹೆಚ್ಚೆಂದರೆ 9 ಜನ, 4 ದೋಣಿ. ಆ 9ರಲ್ಲಿ ಗೈಡ್ ಕೂಡ ಸೇರುತ್ತಾರೆ. ಅಂದರೆ ನಿಮಗೆ ಉಳಿಯುವುದು 8 ಜಾಗ. "ಎರಡು ಪರ್ಮಿಟ್ ತೆಗೆದುಕೊಂಡು ಒಳಗೆ ಹೋಗಿ ಸೇರಿಕೊಂಡರಾಯ್ತು" ಅಂತ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಅದೂ ಆಗುವುದಿಲ್ಲ. ನೀರಿನ ಮೇಲಾಗಲಿ, ದೋಣಿ ಹೊರುವ ದಾರಿಯಲ್ಲಾಗಲಿ, ಕ್ಯಾಂಪ್‌ಸೈಟ್‌ನಲ್ಲಾಗಲಿ 9ಕ್ಕಿಂತ ಜಾಸ್ತಿ ಜನ ಒಂದು ಕಡೆ ಸೇರುವಂತಿಲ್ಲ, ಸ್ವಲ್ಪ ಹೊತ್ತಿಗೂ ಸಹ. ರಾತ್ರಿ ಎಲ್ಲರೂ ಕೂತು ಅಂತ್ಯಾಕ್ಷರಿ ಆಡುವ ಆಸೆ ಇದ್ದರೆ ಅದನ್ನು ಕಾಡಿನ ಅಂಚಿನ ಈಲಿ ಊರಿನ ಹೋಟೆಲ್‌ನಲ್ಲೇ ಮುಗಿಸಿಕೊಳ್ಳಿ.

ನನ್ನ ಸಲಹೆ: ಐದೈದು ಜನರ ಎರಡು ಗುಂಪು ಮಾಡಿ. ಪ್ರತಿ ಗುಂಪಿಗೂ ಒಬ್ಬ ಗೈಡ್. ಆಗ 6 ಜನ, 3 ದೋಣಿ, ಲೆಕ್ಕ ಸರಿಯಾಗುತ್ತದೆ. ಇನ್ನೊಂದು ಲಾಭವೂ ಇದೆ. ಅಲ್ಲಿನ ಕ್ಯಾಂಪ್‌ಸೈಟ್‌ಗಳು ದೊಡ್ಡ ಮೈದಾನಗಳಲ್ಲ, ಬಂಡೆ ಮತ್ತು ಬೇರುಗಳ ನಡುವೆ ಎರಡೋ ಮೂರೋ ಟೆಂಟ್ ಹಿಡಿಸುವಷ್ಟು ಸಮತಟ್ಟು ಜಾಗ ಸಿಕ್ಕರೆ ಪುಣ್ಯ. ಸೈಟ್‌ಗಳನ್ನು ಮುಂಗಡ ಕಾದಿರಿಸಲು ಆಗುವುದಿಲ್ಲ, ಮೊದಲು ಬಂದವರಿಗೆ ಮೊದಲು. 9 ಜನರ ಗುಂಪು ಮಧ್ಯಾಹ್ನ ಮೂರು ಗಂಟೆಗೆ ದೊಡ್ಡ ಸೈಟ್ ಹುಡುಕುತ್ತಾ ಕೆರೆ ಸುತ್ತುವುದನ್ನು ಕಂಡಿದ್ದೇನೆ. ಯಾರ ಮುಖದಲ್ಲೂ ನಗು ಇರಲಿಲ್ಲ.

ಗುಂಪು ಹೇಗೆ ಒಡೆಯುವುದು ಅನ್ನುವುದೇ ನಿಜವಾದ ಪ್ಲಾನಿಂಗ್. ಗಂಡಹೆಂಡಿರು ಒಂದು ಕಡೆ, ಬ್ಯಾಚುಲರ್‌ಗಳು ಇನ್ನೊಂದು ಕಡೆ ಅಂತ ಒಡೆಯಬೇಡಿ. ಯಾರ ನಡಿಗೆ ಎಷ್ಟು, ಯಾರಿಗೆ ಮಂಡಿ ನೋವು, ಯಾರಿಗೆ ಮೀನು ಹಿಡಿಯುವ ಹುಚ್ಚು, ಯಾರಿಗೆ ಸುಮ್ನೆ ಬಂಡೆ ಮೇಲೆ ಮಲಗಿದರೆ ಸಾಕು, ಇದರ ಮೇಲೆ ಒಡೆಯಿರಿ. ಗೈಡ್‌ಗೆ ದಾರಿ ಗೊತ್ತಿರುತ್ತದೆ, ಗಾಳಿ ಗೊತ್ತಿರುತ್ತದೆ, ಅಡುಗೆ ಗೊತ್ತಿರುತ್ತದೆ. ದಿನಕ್ಕೆ 12 ಮೈಲಿ ಹೋಗಬೇಕು ಅನ್ನುವವನನ್ನೂ 3 ಮೈಲಿಗೇ ಸುಸ್ತಾಗುವವನನ್ನೂ ಒಂದೇ ದೋಣಿಯಲ್ಲಿ ಕೂರಿಸಿದರೆ ಆಗುವ ಜಗಳ ಬಿಡಿಸುವುದು ಅವರ ಕೆಲಸವಲ್ಲ.

ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಬೌಂಡರಿ ವಾಟರ್ಸ್ ಅನ್ನುವುದು ಕೆನಡಾ ಗಡಿಗೆ ಅಂಟಿಕೊಂಡ 10 ಲಕ್ಷ ಎಕರೆಗೂ ಮೀರಿದ ಕಾಡು, ಸುಪೀರಿಯರ್ ರಾಷ್ಟ್ರೀಯ ಅರಣ್ಯದ ಭಾಗ. ಒಳಗೆ ಸಾವಿರಕ್ಕೂ ಹೆಚ್ಚು ಕೆರೆಗಳು. ಗಡಿಯಾಚೆ ಕೆನಡಾದ ಕ್ವೆಟಿಕೊ ಪಾರ್ಕ್. ಇದು ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನರ ನೆಲ, ಅಮೆರಿಕ ಸರ್ಕಾರದ ಜೊತೆಗಿನ 1854ರ ಒಪ್ಪಂದದ ಪ್ರಕಾರ ಇಲ್ಲಿ ಬೇಟೆ, ಮೀನುಗಾರಿಕೆ, ಕಾಡು ಅಕ್ಕಿ ಕೊಯ್ಲಿನ ಹಕ್ಕು ಇಂದಿಗೂ ಅವರದು. ಕೆಲವು ಕೆರೆಗಳನ್ನು ಬಿಟ್ಟರೆ ಮೋಟಾರ್ ದೋಣಿ ಇಲ್ಲ. ಒಳಗೆ ರಸ್ತೆ ಇಲ್ಲ. ಫೋನ್ ಸಿಗ್ನಲ್ ಇಲ್ಲ ಅಂತಲೇ ತಿಳಿದು ಹೊರಡಿ.

ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಲು ದೋಣಿಯನ್ನೂ ಸಾಮಾನನ್ನೂ ತಲೆ ಮೇಲೆ, ಬೆನ್ನ ಮೇಲೆ ಹೊತ್ತು ಕಾಡಿನ ದಾರಿಯಲ್ಲಿ ನಡೆಯಬೇಕು. ಇದಕ್ಕೆ ಪೋರ್ಟೇಜ್ ಅನ್ನುತ್ತಾರೆ. ನಕ್ಷೆಯಲ್ಲಿ ಇದರ ಉದ್ದವನ್ನು ರಾಡ್ ಲೆಕ್ಕದಲ್ಲಿ ಹಾಕಿರುತ್ತಾರೆ. ಒಂದು ರಾಡ್ ಅಂದರೆ 16.5 ಅಡಿ, 320 ರಾಡ್ ಅಂದರೆ ಒಂದು ಮೈಲಿ. 80 ರಾಡ್ ನೋಡಿ "ಕಾಲು ಮೈಲಿ ತಾನೇ" ಅಂತ ನಕ್ಕುಬಿಡಬೇಡಿ. ಹೊಸಬರು ಎಲ್ಲವನ್ನೂ ಒಂದೇ ಸಲಕ್ಕೆ ಹೊರಲಾರರು. ಒಂದು ಹೊರೆ ಇಟ್ಟು, ಖಾಲಿ ಕೈಯಲ್ಲಿ ವಾಪಸ್ ಬಂದು, ಇನ್ನೊಂದು ಹೊರೆ ಹೊತ್ತರೆ ಅದು ಮುಕ್ಕಾಲು ಮೈಲಿ. ಕಲ್ಲು, ಕೆಸರು, ಸೊಳ್ಳೆ ಬೇರೆ. ಕೆವ್ಲಾರ್ ಅನ್ನುವ ಹಗುರ ಕೃತಕ ನಾರಿನ ದೋಣಿ ಸುಮಾರು 42ರಿಂದ 45 ಪೌಂಡ್, ಹಳೆಯ ಅಲ್ಯೂಮಿನಿಯಂ ದೋಣಿ 70 ಪೌಂಡ್ ದಾಟುತ್ತದೆ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಕೆವ್ಲಾರ್ ಕೇಳಿ. ಇಲ್ಲಿ ಕಂಜೂಸಿ ಮಾಡಬೇಡಿ.

ಕೆವ್ಲಾರ್‌ಗೆ ಒಂದು ಶರತ್ತಿದೆ. ಅದನ್ನು ಬಂಡೆಗೆ ಉಜ್ಜುವಂತಿಲ್ಲ, ದಡಕ್ಕೆ ಎಳೆಯುವಂತಿಲ್ಲ. ದಡ ಇನ್ನೂ ನಾಲ್ಕು ಅಡಿ ದೂರ ಇರುವಾಗಲೇ ಗೈಡ್ "ಇಳೀರಿ" ಅನ್ನುತ್ತಾರೆ. ಶೂ ಸಮೇತ ಮೊಣಕಾಲುದ್ದ ನೀರಿಗೆ ಇಳಿಯಬೇಕು. ನಮ್ಮವರು ಇಲ್ಲೇ ತಡವರಿಸುವುದು. ಶೂ ಬಿಚ್ಚಲು ಕೂರುತ್ತಾರೆ, ಪ್ಯಾಂಟ್ ಮಡಚುತ್ತಾರೆ, ದೋಣಿಯ ಮೂತಿಯಿಂದ ಬಂಡೆಗೆ ಹಾರಲು ನೋಡುತ್ತಾರೆ. ದೋಣಿ ಮಗುಚುವುದು ಸಾಮಾನ್ಯವಾಗಿ ಆಗಲೇ, ಕೆರೆಯ ನಡುವೆ ಅಲ್ಲ. ಹಾಗಾಗಿ ಎರಡು ಜೊತೆ ಶೂ ಬೇಕು. ಒಂದು ದಿನವಿಡೀ ಒದ್ದೆಯಾಗಿಯೇ ಇರಲು, ಇನ್ನೊಂದು ಸಂಜೆ ಕ್ಯಾಂಪ್‌ನಲ್ಲಿ ಹಾಕಲು. ಚಪ್ಪಲಿ ಬೇಡ, ಕೆಸರಿನಲ್ಲಿ ಕಾಲಿನಿಂದ ಕಳಚಿಕೊಳ್ಳುತ್ತದೆ. ಜೀನ್ಸ್ ಮನೆಯಲ್ಲೇ ಇರಲಿ, ಒಮ್ಮೆ ನೆನೆದರೆ ಎರಡು ದಿನ ಒಣಗುವುದಿಲ್ಲ.

ಈಜು ಬಾರದ ಇಬ್ಬರು ಬರಬಹುದು. ಲೈಫ್ ಜಾಕೆಟ್ ಮೈಮೇಲೆ, ಬಕಲ್ ಹಾಕಿ, ಸದಾ ಇರಬೇಕು ಅಷ್ಟೆ. ದೊಡ್ಡವರು ಅದನ್ನು ದೋಣಿಯಲ್ಲಿ ಇಟ್ಟುಕೊಂಡರೂ ಕಾನೂನಿಗೆ ಸಾಕು, ಆದರೆ ನಿಮ್ಮ ಗುಂಪಿನಲ್ಲಿ ಎಲ್ಲರೂ ಹಾಕಲೇಬೇಕು ಅಂತ ಹೊರಡುವ ಮೊದಲೇ ತೀರ್ಮಾನಿಸಿ. ಈಜು ಬರುವವನು ಬಿಚ್ಚಿಟ್ಟರೆ ಉಳಿದವರೂ ನಾಚಿಕೆಗೆ ಬಿಚ್ಚುತ್ತಾರೆ. ಹಂಪಿಯ ಹರಿಗೋಲಿನಲ್ಲಿ ಕೂತ ಹಾಗೆ ಇಲ್ಲಿ ಕಾಲು ಮಡಚಿಕೊಂಡು ಯಾವ ಕಡೆ ವಾಲಿದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಕನೂ ಉದ್ದ, ಕಿರಿದು. ಒಬ್ಬರು ಫೋಟೋಗೆ ಎದ್ದು ನಿಂತರೆ ಸಾಕು. ಹೊರಡುವ ಎರಡು ವಾರ ಮೊದಲು ಮಿನಿಯಾಪೊಲಿಸ್‌ನ ಯಾವುದಾದರೂ ಕೆರೆಯಲ್ಲಿ ಕನೂ ಬಾಡಿಗೆಗೆ ಪಡೆದು ಒಂದು ಭಾನುವಾರ ಹುಟ್ಟು ಹಾಕಿ ನೋಡಿ.

ಜಲಪಾತ ಮತ್ತು ರಭಸದ ನೀರಿನ ಹತ್ತಿರ ಗೈಡ್ ಮಾತಿಗೆ ಎದುರು ಹೇಳಬೇಡಿ. 2024ರ ಮೇ ತಿಂಗಳಲ್ಲಿ ಕರ್ಟನ್ ಫಾಲ್ಸ್‌ನಲ್ಲಿ ದೋಣಿಗಳು ಜಲಪಾತದಿಂದ ಕೆಳಗೆ ಹೋಗಿ ಇಬ್ಬರು ಸತ್ತರು. ನಿಮ್ಮ ರೂಟ್ ಅಲ್ಲಿಗೆ ಹೋಗುವುದಿಲ್ಲ. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ "ಇದೊಂದು ಚಿಕ್ಕ ತೊರೆ, ಹೊರುವುದು ಯಾಕೆ, ದೋಣಿಯಲ್ಲೇ ಇಳಿಸಿಬಿಡೋಣ" ಅನ್ನುವ ಆಸೆ ಸುಸ್ತಾದಾಗ ಎಲ್ಲರಿಗೂ ಬರುತ್ತದೆ.

ಈಗ ರೂಟ್. ಒಂದು ಗುಂಪಿಗೆ ಲೇಕ್ ಒನ್ ಕೆರೆ, ಅಂದರೆ ಕಾಡಿನೊಳಗೆ ಹೋಗುವ 30ನೇ ಪ್ರವೇಶ ಜಾಗ (ಎಂಟ್ರಿ ಪಾಯಿಂಟ್). ಈಲಿಯಿಂದ ಫರ್ನ್‌ಬರ್ಗ್ ರಸ್ತೆಯ ಕೊನೆಯಲ್ಲಿದೆ. ಲೇಕ್ ಒನ್‌ನಿಂದ ಲೇಕ್ ಟೂಗೆ ಎರಡು ಗಿಡ್ಡ ಪೋರ್ಟೇಜ್. ಆಮೇಲೆ ಟೂ, ತ್ರೀ, ಫೋರ್ ಒಂದಕ್ಕೊಂದು ಸೇರಿಕೊಂಡಿವೆ, ಹೊರುವ ಕೆಲಸವೇ ಇಲ್ಲ. ಲೇಕ್ ತ್ರೀಯಲ್ಲಿ ಕ್ಯಾಂಪ್ ಹಾಕಿ ಅಲ್ಲೇ ಮೂರು ರಾತ್ರಿ ಇರಿ. ಹಗಲು ಸಾಮಾನಿಲ್ಲದೆ ಹಗುರಾಗಿ ಸುತ್ತಾಡಿ ಬನ್ನಿ. ದಿನಾ ಟೆಂಟ್ ಕಿತ್ತು ದಿನಾ ಹೊಸ ಕಡೆ ಹಾಕುವ ಪ್ರವಾಸ 4 ದಿನದಲ್ಲಿ ಹೊಸಬರಿಗೆ ಬರೀ ಕೂಲಿ ಕೆಲಸ. 2011ರ ಪಗಾಮಿ ಕ್ರೀಕ್ ಬೆಂಕಿ ಈ ಭಾಗದಲ್ಲೇ 92,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಬೂದು ಬಣ್ಣದ ಒಣ ಕಾಂಡಗಳ ಬುಡದಲ್ಲಿ ಎಳೆಯ ಜ್ಯಾಕ್ ಪೈನ್ ದಟ್ಟವಾಗಿ ಎದ್ದಿರುವುದು ನೋಡುವಂಥದ್ದು. ಒಣಮರ ಬೀಳುವ ಕಡೆ ಟೆಂಟ್ ಹಾಕಬೇಡಿ, ಅಷ್ಟೆ. ಇನ್ನೊಂದು ಗುಂಪಿಗೆ ಮೂಸ್ ಲೇಕ್, 25ನೇ ಎಂಟ್ರಿ. ಅಲ್ಲಿ ಮೋಟಾರ್‌ಗೆ ಅನುಮತಿ ಇರುವುದರಿಂದ ಟೋ ಬೋಟ್‌ನವರು ದೋಣಿ ಸಮೇತ ನಿಮ್ಮನ್ನು ಕೆಲವು ಮೈಲಿ ಒಳಗೆ ಬಿಟ್ಟು ಬರುತ್ತಾರೆ. ಮಂಡಿ ನೋವಿನವರು ಈ ಗುಂಪಿಗೆ.

ಈ ಎರಡೂ ಎಂಟ್ರಿಗಳಿಗೆ ಬೇಡಿಕೆ ವಿಪರೀತ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಪ್ರತಿ ಎಂಟ್ರಿಗೂ ದಿನಕ್ಕೆ ಇಷ್ಟೇ ಗುಂಪು ಅಂತ ಕೋಟಾ ಇದೆ. ರಿಕ್ರಿಯೇಶನ್ ಡಾಟ್ ಗವ್ ಅನ್ನುವ ಸರ್ಕಾರಿ ವೆಬ್‌ಸೈಟ್‌ನಲ್ಲಿ ಬುಕಿಂಗ್ ಈಚಿನ ವರ್ಷಗಳಲ್ಲಿ ಜನವರಿಯ ಕೊನೆಯ ಬುಧವಾರ ಬೆಳಿಗ್ಗೆ 9ಕ್ಕೆ ತೆರೆದಿದೆ. ಅಂದರೆ ಗುಂಪಿನ ಮಾತುಕತೆ ಹೊಸ ವರ್ಷದ ಒಳಗೇ ಮುಗಿಯಬೇಕು. ಪರ್ಮಿಟ್‌ನಲ್ಲಿ ನಾಯಕರ ಹೆಸರಿನ ಜೊತೆ ಪರ್ಯಾಯ ನಾಯಕರ ಹೆಸರನ್ನೂ ಹಾಕಿ. ನಾಯಕನಿಗೆ ಕೊನೇ ಗಳಿಗೆಯಲ್ಲಿ ಆಫೀಸ್ ಕೆಲಸ ಬಂದರೆ ಅಲ್ಲಿ ಹೆಸರಿಲ್ಲದ ಬೇರೆ ಯಾರಿಗೂ ಪರ್ಮಿಟ್ ಕೊಡುವುದಿಲ್ಲ.

ಜುಲೈಗೆ ಬದಲು ಆಗಸ್ಟ್ ಕೊನೆಯ ಎರಡು ವಾರ ನೋಡಿ. ಜೂನ್, ಜುಲೈನಲ್ಲಿ ಸೊಳ್ಳೆ ಜಾಸ್ತಿ. ಆಗಸ್ಟ್ ಕೊನೆಗೆ ಕಡಿಮೆಯಾಗಿರುತ್ತವೆ, ನೀರು ಇನ್ನೂ ಇಳಿಯುವಷ್ಟು ಬೆಚ್ಚಗಿರುತ್ತದೆ. ಮಳೆ ಕಡಿಮೆಯಾದ ವರ್ಷ ಬೆಂಕಿಯ ಭಯ ಇರುತ್ತದೆ, 2021ರ ಆಗಸ್ಟ್‌ನಲ್ಲಿ ಇಡೀ ಪ್ರದೇಶವನ್ನೇ ಕೆಲ ದಿನ ಮುಚ್ಚಿದ್ದರು. ರದ್ದಾದರೆ ಹಣ ಏನಾಗುತ್ತದೆ ಅಂತ ಔಟ್‌ಫಿಟರ್ (ದೋಣಿ, ಸಾಮಾನು, ಗೈಡ್ ಒದಗಿಸುವ ಕಂಪನಿ) ಹತ್ತಿರ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ. ಅವರಿಗೆ ಅರಣ್ಯ ಇಲಾಖೆಯ ಅನುಮತಿ ಇದೆಯಾ, ಗೈಡ್‌ಗೆ ಕಾಡಿನ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯಾ, ಸ್ಯಾಟಲೈಟ್ ಸಾಧನ ಒಯ್ಯುತ್ತಾರಾ, ಇದನ್ನೂ ಕೇಳಿ. "ನನ್ನ ಫ್ರೆಂಡ್‌ಗೆ ದಾರಿ ಗೊತ್ತು, ಕ್ಯಾಶ್ ಕೊಟ್ಟರೆ ಬರುತ್ತಾನೆ" ಅನ್ನುವ ವ್ಯವಹಾರ ಬೇಡ. ದುಡ್ಡು ತೆಗೆದುಕೊಂಡು ಗೈಡ್ ಮಾಡಲು ಅನುಮತಿ ಬೇಕೇ ಬೇಕು. ಬಿಪಿ, ಶುಗರ್, ಅಲರ್ಜಿ ಯಾರಿಗಿದ್ದರೂ ಮುಚ್ಚಿಡದೆ ಗೈಡ್‌ಗೆ ಮೊದಲೇ ಹೇಳಿ.

ಊಟದ ವಿಷಯ. ಔಟ್‌ಫಿಟರ್‌ಗಳಿಗೆ ಸಸ್ಯಾಹಾರ ಅಂದರೆ ಬಹಳ ಸಲ ಚೀಸ್, ಪಾಸ್ತಾ, ಬರ್ರಿಟೋ. ಮೂರನೇ ದಿನ ಯಾರಾದರೂ ಅನ್ನ ಕೇಳುತ್ತಾರೆ. ಅರ್ಧ ಊಟ ಅವರದು, ಅರ್ಧ ನಮ್ಮದು ಅಂತ ಮೊದಲೇ ಮಾತಾಡಿಕೊಳ್ಳಿ. ತಗಡಿನ ಡಬ್ಬಿಯಲ್ಲಿ (ಕ್ಯಾನ್) ಬರುವ ಆಹಾರ ಮತ್ತು ಗಾಜಿನ ಬಾಟಲಿ ಅಲ್ಲಿ ನಿಷಿದ್ಧ. ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಿಂದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿಕೊಳ್ಳಿ, ಮುಚ್ಚಳ ತಿರುಗಿಸುವಂಥದ್ದಾಗಿರಲಿ, ಮೇಲೆ ಎರಡು ಜಿಪ್ ಚೀಲ. ಇಲ್ಲದಿದ್ದರೆ ಎಣ್ಣೆ ಸ್ಲೀಪಿಂಗ್ ಬ್ಯಾಗ್ ಸೇರುತ್ತದೆ. ಗೊಜ್ಜವಲಕ್ಕಿ ಎಲ್ಲಕ್ಕಿಂತ ಒಳ್ಳೆಯದು. ಪುಡಿ ಮನೆಯಲ್ಲೇ ಕಲಸಿ ಒಯ್ದರೆ ಅಲ್ಲಿ ನೆನೆಸಿದರೆ ಸಾಕು, ಒಲೆಯೇ ಬೇಡ. ಹುರಿದ ರವೆಯ ಉಪ್ಪಿಟ್ಟು ಮಿಕ್ಸ್, ಚಟ್ನಿಪುಡಿ, ಪೌಚ್‌ನಲ್ಲಿ ಬರುವ ಎಂಟಿಆರ್ ಪದಾರ್ಥಗಳು ಸರಿ. ಕುಕ್ಕರ್ ಬೇಡ. ಬೇಳೆ ಬೇಯಿಸುವ ಆಸೆ ಬಿಡಿ.

ಕರಡಿ ಇದೆ. ಕಪ್ಪು ಕರಡಿ, ಜನರ ಮೇಲಿಗಿಂತ ಊಟದ ಚೀಲದ ಮೇಲೆ ಕಣ್ಣು. 2024ರಿಂದ ಆಹಾರವನ್ನು ಕರಡಿ ತೆರೆಯಲಾಗದ ಡಬ್ಬದಲ್ಲಿ ಇಡಬೇಕು, ಇಲ್ಲವೇ ನೆಲದಿಂದ 12 ಅಡಿ ಮೇಲೆ, ಮರದ ಕಾಂಡದಿಂದ 6 ಅಡಿ ದೂರಕ್ಕೆ ನೇತುಹಾಕಬೇಕು ಅನ್ನುವ ಆದೇಶ ಬಂದಿದೆ. ಟೂತ್‌ಪೇಸ್ಟ್ ಕೂಡ ಆ ಚೀಲಕ್ಕೇ. ಟೆಂಟ್ ಒಳಗೆ ಒಂದು ಕೋಡುಬಳೆ ಚೂರೂ ಇರಬಾರದು. ಪಾತ್ರೆ, ಬಟ್ಟೆ, ಮೈ ತೊಳೆಯುವುದೆಲ್ಲ ಕೆರೆಯಿಂದ 150 ಅಡಿ ದೂರ. ಕುಡಿಯುವ ನೀರು ಚಹಾ ಬಣ್ಣದ್ದಿರಬಹುದು, ಗಾಬರಿ ಬೇಡ, ಆದರೆ ಫಿಲ್ಟರ್ ಮಾಡದೆ ಕುಡಿಯಬೇಡಿ.

ಗುಂಪಿನ ಮೀಟಿಂಗ್‌ನಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: ಟಾಯ್ಲೆಟ್. ಪ್ರತಿ ಸೈಟ್‌ನ ಹಿಂದೆ ಕಾಡಿನೊಳಗೆ ಒಂದು ಗುಂಡಿ, ಅದರ ಮೇಲೊಂದು ಫೈಬರ್‌ಗ್ಲಾಸ್ ಪೆಟ್ಟಿಗೆ. ಗೋಡೆ ಇಲ್ಲ, ಚಾವಣಿ ಇಲ್ಲ. ನೀರು ಬೇಕಾದವರು ಒಂದು ಹಗುರ ಬಾಟಲಿ ಇಟ್ಟುಕೊಳ್ಳಿ. ದಾರಿಯ ಶುರುವಿನ ಕೊಂಬೆಗೆ ಒಂದು ಬಣ್ಣದ ಬಟ್ಟೆ ಕಟ್ಟಿದರೆ ಒಳಗೆ ಯಾರೋ ಇದ್ದಾರೆ ಅಂತ ಅರ್ಥ. ನಮ್ಮ ಗುಂಪಿನಲ್ಲಿ ಕೆಂಪು ಟವೆಲ್ ನಡೆಯುತ್ತಿತ್ತು.

ಮೀನು ಹಿಡಿಯುವವರು ಮಿನೆಸೋಟದ ಲೈಸೆನ್ಸ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಮಿನಿಯಾಪೊಲಿಸ್‌ನಿಂದ ಈಲಿಗೆ ನಾಲ್ಕು ಗಂಟೆಗೂ ಮೀರಿದ ಡ್ರೈವ್. ಹಿಂದಿನ ದಿನ ಸಂಜೆಯೇ ಹೋಗಿ ಉಳಿಯಿರಿ. ಬೆಳಿಗ್ಗೆ ಬೇಗ ನೀರಿಗಿಳಿದರೆ ಗಾಳಿ ಏಳುವ ಮೊದಲು ದೊಡ್ಡ ಕೆರೆ ದಾಟಬಹುದು. ಗಾಳಿ ಜೋರಾದರೆ ಗೈಡ್ ಇಡೀ ಮಧ್ಯಾಹ್ನ ದಡದಲ್ಲೇ ಕೂರಿಸಬಹುದು, ಹಾಗಾಗಿ ವಾಪಸ್ ಬರುವ ದಿನ ಸಂಜೆಗೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಟಿಪ್ ಎಷ್ಟು ಅಂತ ನೀವು ಕೇಳಿಲ್ಲ, ಆದರೆ ಕೊನೆಯ ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗೈಡ್ ಶುಲ್ಕದ 15ರಿಂದ 20 ಶೇಕಡಾ ಇಲ್ಲಿ ರೂಢಿ. ಹೊರಡುವ ಮೊದಲೇ ಎಲ್ಲರಿಂದ ಸಂಗ್ರಹಿಸಿ ಒಂದು ಕವರ್‌ನಲ್ಲಿ ಹಾಕಿ ಕಾರಿನಲ್ಲಿಡಿ, ನೀರಿಗೆ ಒಯ್ಯಬೇಡಿ.